ಬನಶಂಕರಿಯ ಬನ

ಬನಶಂಕರಿ ಎಂದರೆ ಬನದಲ್ಲಿ ನೆಲೆಸಿದ ಶಂಕರಿ. ಮೂಲ ತಾಯಿ ಇರುವುದು ಬಾದಾಮಿಯ ಹತ್ತಿರ, ಚೊಳಚಗುಡ್ಡದಲ್ಲಿ. ಬೆಂಗಳೂರಿನ ಕನಕಪುರ ರಸ್ತೆಯ ಗುಡಿಗೆ ಮಂಗಳವಾರ, ಶುಕ್ರವಾರ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಲು ಬರುವವರ ಕಣ್ಣೆದುರೇ ಈಗ ಮೆಟ್ರೊ ಓಡುತ್ತದೆ. ದೇವಿಯ ಹೆಸರಿನಲ್ಲಿ ಬನ ಉಳಿದಿದೆ. ಸುತ್ತಲಿನ ನೆಲದಲ್ಲಿ ಎಷ್ಟು ಉಳಿದಿದೆ, ಉಳಿದದ್ದರಲ್ಲಿ ಯಾರು ಬಾಳುತ್ತಿದ್ದಾರೆ?

ಈ ನೆಲ ಹಿಂದೆ ಹೇಗಿತ್ತೆಂದು ತಿಳಿಯಲು ಬಸ್ಸಿನ ಬೋರ್ಡು ಓದಿದರೂ ಸಾಕು. ಬಿಟಿಎಂ ಎಂಬ ಮೂರಕ್ಷರದೊಳಗೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳಿವೆ. ಸಂದ್ರ ಎಂದರೆ ಸಮುದ್ರ; ದೊಡ್ಡ ಕೆರೆಯನ್ನು ಹಿರಿಯರು ಸಮುದ್ರವೆಂದೇ ಕರೆದರು. ಕೋಣನಕುಂಟೆಯಲ್ಲಿ ಕುಂಟೆ ಇದೆ, ಅರೆಕೆರೆಯಲ್ಲಿ ಕೆರೆ ಇದೆ, ಎಲಚೇನಹಳ್ಳಿಯ ಹೆಸರಲ್ಲಿ ಎಲಚಿಯ ಮುಳ್ಳುಗಿಡ ಕೇಳಿಸುತ್ತದೆ, ರಾಗಿಗುಡ್ಡದಲ್ಲಿ ಗುಡ್ಡ. ಕೆರೆ, ಕುಂಟೆ, ಬಂಡೆ, ಮುಳ್ಳುಪೊದೆ: ಊರುಗಳ ಹೆಸರಿನಲ್ಲಿ ಹೆಪ್ಪುಗಟ್ಟಿರುವ ಕಾಡು ಇದೇ.

ಕಾಡು ಎಂದರೆ ನಮ್ಮ ಕಣ್ಣಿಗೆ ಆಗುಂಬೆಯೋ ನಾಗರಹೊಳೆಯೋ ಬರುತ್ತದೆ. ಮೈಸೂರು ಸೀಮೆಯ ಈ ಎತ್ತರದ ಬಯಲಿನಲ್ಲಿ ಅಂಥ ಕಾಡು ಇರಲಿಲ್ಲ. ಇಲ್ಲಿದ್ದದ್ದು ಕುರುಚಲು ಕಾಡು, ಹುಲ್ಲು ಬೆಳೆಯುವ ಕಾವಲು, ದನ ಮೇಯುವ ಗೋಮಾಳ, ಊರಾಚೆಯ ಗುಂಡುತೋಪು, ನಡುನಡುವೆ ಮೈಚಾಚಿದ ಬಂಡೆ, ಇಳಿಜಾರಿಗೊಂದು ಕೆರೆ. ಕಂದಾಯದ ಕಡತದಲ್ಲಿ ಇದರ ಬಹುಪಾಲಿಗೆ ಪಾಳು, ಖರಾಬು ಎಂದು ಹೆಸರು. ನಮ್ಮ ನಷ್ಟ ಶುರುವಾದದ್ದು ಆ ಹೆಸರಿನಿಂದಲೇ ಎಂದು ನಾನು ನಂಬಿದ್ದೇನೆ. ಕಾಡು ಕಡಿದರೆ ಕೇಳುವವರಿದ್ದಾರೆ, ಖರಾಬು ನೆಲವನ್ನು ಸೈಟು ಮಾಡಿದರೆ ಅದು ಅಭಿವೃದ್ಧಿ.

ಆ ಬಂಡೆಗಳು ಸಾಮಾನ್ಯವಲ್ಲ. ಜಯನಗರದ ಪಕ್ಕದಲ್ಲೇ ಲಾಲ್‌ಬಾಗಿನ ಬಂಡೆ ಇದೆ. ವಯಸ್ಸು ಸುಮಾರು 300 ಕೋಟಿ ವರ್ಷ. ದಕ್ಷಿಣ ಭಾರತದ ತಳಪಾಯವೇ ಆಗಿರುವ ಈ ಶಿಲೆಗೆ ಪೆನಿನ್ಸುಲಾರ್ ನೈಸ್ ಎಂದು ಹೆಸರು. ಬಸವನಗುಡಿಯ ಕಡೆಯಿಂದ ಹಾಯುವ ದಿಬ್ಬದ ಬೆನ್ನು ನೀರನ್ನು ಇಬ್ಭಾಗ ಮಾಡುತ್ತದೆ. ಪಡುವಣಕ್ಕೆ ಬಿದ್ದ ಮಳೆ ವೃಷಭಾವತಿ ಸೇರಿ, ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಮೂಡಣಕ್ಕೆ ಬಿದ್ದದ್ದು ಮಡಿವಾಳ, ಅಗರ, ಬೆಳ್ಳಂದೂರು, ವರ್ತೂರು ಕೆರೆಗಳನ್ನು ತುಂಬುತ್ತ ದಕ್ಷಿಣ ಪಿನಾಕಿನಿಗೆ. ಒಂದು ಕೆರೆಯ ಕೋಡಿ ಇನ್ನೊಂದು ಕೆರೆಯ ತಲೆ. ಈ ಜೋಡಣೆಯನ್ನು ನೆನಪಿಡಿ, ಮುಂದಿನ ಮಾತೆಲ್ಲ ಇದರ ಮೇಲೆ ನಿಂತಿದೆ.

ಜಯಚಾಮರಾಜ ಒಡೆಯರ ಹೆಸರು ಹೊತ್ತ ಜಯನಗರಕ್ಕೆ 1948ರಲ್ಲಿ ಅಡಿಗಲ್ಲು ಬಿತ್ತು. ಆಮೇಲೆ ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಒಂದರ ಬೆನ್ನಿಗೆ ಒಂದು ಬಂದವು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಅವರ ತಂಡ ಉಪಗ್ರಹ ಚಿತ್ರಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದಂತೆ, 1973ರಿಂದ 2017ರ ನಡುವೆ ಬೆಂಗಳೂರು ತನ್ನ ಹಸಿರಿನಲ್ಲಿ ಶೇಕಡಾ 88ರಷ್ಟನ್ನೂ ಜಲಮೂಲಗಳಲ್ಲಿ ಶೇಕಡಾ 79ರಷ್ಟನ್ನೂ ಕಳೆದುಕೊಂಡಿತು. ಒಂದೇ ತಲೆಮಾರಿನ ಕಣ್ಣೆದುರು ನಡೆದದ್ದು ಇದು. ಜಯನಗರದಲ್ಲಿ ಸೈಟು ತೆಗೆದುಕೊಂಡ ಅಜ್ಜನ ಮೊಮ್ಮಗಳು ಇನ್ನೂ ಕಾಲೇಜಿನಲ್ಲಿದ್ದಾಳೆ.

ಅಳಿದದ್ದು ಎಷ್ಟು ಎಂಬ ಲೆಕ್ಕಕ್ಕಿಂತ, ಉಳಿದದ್ದು ಹೇಗೆ ಉಳಿದಿದೆ ಎಂಬುದು ಪ್ರಾಣಿಗಳಿಗೆ ಮುಖ್ಯ. 1967ರಲ್ಲಿ ರಾಬರ್ಟ್ ಮೆಕಾರ್ಥರ್ ಮತ್ತು ಎಡ್ವರ್ಡ್ ವಿಲ್ಸನ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು ದ್ವೀಪಗಳ ಜೀವಜಾಲದ ಬಗ್ಗೆ ಒಂದು ಪುಸ್ತಕ ಬರೆದರು. ಅದರ ತಿರುಳು ಸರಳ. ದ್ವೀಪ ಚಿಕ್ಕದಾದಷ್ಟೂ ಅದರೊಳಗಿನ ಜೀವಿಗಳು ಬೇಗ ಬೇಗ ನಿರ್ನಾಮವಾಗುತ್ತವೆ. ದಡದಿಂದ ದೂರವಿದ್ದಷ್ಟೂ ಹೊಸಬರು ಬಂದು ಆ ಜಾಗ ತುಂಬುವುದು ಕಡಿಮೆ. ಸಮುದ್ರದ ನಡುವಿನ ದ್ವೀಪಕ್ಕೆಂದು ಬರೆದ ಈ ಮಾತು ಕಾಂಕ್ರೀಟಿನ ನಡುವಿನ ಹಸಿರಿಗೂ ಹೊಂದುತ್ತದೆ. ಲಾಲ್‌ಬಾಗ್ ಒಂದು ದ್ವೀಪ. ರಾಗಿಗುಡ್ಡ ಒಂದು, ಜೆ.ಪಿ. ನಗರದ ಮಿನಿ ಫಾರೆಸ್ಟ್ ಒಂದು. ನಡುವೆ ಸಮುದ್ರದಂತೆ ಟಾರು.

ಈ ಸಮುದ್ರ ಎಷ್ಟು ಆಳ ಎಂಬುದನ್ನು ಅಳೆಯಲು ಕಾಡುಪಾಪಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ. ಕೋತಿ, ಮನುಷ್ಯರ ದೂರದ ನೆಂಟ; ಕಾಲು ಕೇಜಿ ತೂಗುವ ಪುಟ್ಟ ಪ್ರಾಣಿ. ಹಗಲೆಲ್ಲ ಪೊದೆಯಲ್ಲಿ ಉಂಡೆಯಾಗಿ ಮಲಗಿದ್ದು, ಕತ್ತಲಾದ ಮೇಲೆ ಮುಖ ತುಂಬ ಕಣ್ಣು ಮಾಡಿಕೊಂಡು ಹುಳುಹುಪ್ಪಟೆ ಹಿಡಿಯಲು ಹೊರಡುತ್ತದೆ. ಕೋತಿಯ ಹಾಗೆ ಅದು ಜಿಗಿಯಲಾರದು. ಒಂದು ಕೊಂಬೆಯನ್ನು ಹಿಂಗಾಲಲ್ಲಿ ಬಿಗಿಹಿಡಿದು, ಮೈಚಾಚಿ, ಇನ್ನೊಂದು ಕೊಂಬೆಯನ್ನು ಮುಂಗೈಯಲ್ಲಿ ಹಿಡಿದ ಮೇಲಷ್ಟೇ ಹಿಂದಿನದನ್ನು ಬಿಡುತ್ತದೆ. ಎರಡು ಮರಗಳ ರೆಂಬೆ ಒಂದಕ್ಕೊಂದು ತಾಗಿದ್ದರೆ ಅದಕ್ಕೆ ದಾರಿ. ನಡುವೆ ಎರಡು ಮಾರು ಬಯಲಾದರೆ ನೆಲಕ್ಕೆ ಇಳಿಯಬೇಕು. ನೆಲದಲ್ಲಿ ನಾಯಿ, ಗಾಡಿ. ಮೇಲೆ ಕರೆಂಟಿನ ತಂತಿ. ಮಾಟಮಂತ್ರಕ್ಕೆಂದು ಹಿಡಿಯುವವರ ಕಾಟ ಬೇರೆ. ಬೆಂಗಳೂರಿನಲ್ಲಿ ಕಾಡುಪಾಪ ಇಂದಿಗೂ ಇದೆ. ವಿಜ್ಞಾನ ಸಂಸ್ಥೆಯಂಥ ಹಳೆಯ, ಮರ ದಟ್ಟವಾಗಿರುವ ಆವರಣಗಳಲ್ಲಿ ಅದನ್ನು ಕಂಡವರಿದ್ದಾರೆ. ಕಾಬೇರಿ ಕರ್ ಗುಪ್ತ ಎಂಬ ವಿಜ್ಞಾನಿ 2014ರಲ್ಲಿ ನಗರದ ಜನರನ್ನೇ ಜೊತೆಗೂಡಿಸಿಕೊಂಡು, ಕೆಂಪು ದೀಪ ಹಿಡಿದು ರಾತ್ರಿಯಲ್ಲಿ ಕಾಡುಪಾಪ ಹುಡುಕುವ ಕೆಲಸ ಶುರುಮಾಡಿದರು.

ಒಂದು ಭಾನುವಾರ ಬೆಳಿಗ್ಗೆ ನಾನು ಲಾಲ್‌ಬಾಗಿನ ಸಿದ್ದಾಪುರ ಗೇಟಿನಿಂದ ರಾಗಿಗುಡ್ಡದವರೆಗೆ ತಲೆಯೆತ್ತಿಕೊಂಡೇ ನಡೆದೆ. ನಾನೊಂದು ಕಾಡುಪಾಪವಾಗಿದ್ದರೆ ನೆಲ ಮುಟ್ಟದೆ ರಾಗಿಗುಡ್ಡ ಸೇರಬಲ್ಲೆನೆ ಎಂಬುದೊಂದೇ ಪ್ರಶ್ನೆ. ಜಯನಗರದ ಹಳೆಯ ಒಳರಸ್ತೆಗಳಲ್ಲಿ ಈಗಲೂ ಆಶ್ಚರ್ಯವಾಗುವಷ್ಟು ದೂರ ಹೋಗಬಹುದು. ಈ ಕಡೆಯ ಮಳೆಮರ ಆ ಕಡೆಯ ಹೊಂಗೆಯನ್ನು ರಸ್ತೆಯ ಮೇಲಿನಿಂದ ತಬ್ಬಿಕೊಂಡಿದೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಊರ ತುಂಬ ಲಕ್ಷಗಟ್ಟಲೆ ಸಸಿ ನೆಡಿಸಿದ್ದರ ಫಲವನ್ನು ನಾವು ಇಂದು ನೆರಳಾಗಿ ಉಣ್ಣುತ್ತಿದ್ದೇವೆ. ಆದರೆ ಸೌತ್ ಎಂಡ್ ವೃತ್ತದಲ್ಲಿ ದಾರಿ ತುಂಡಾಯಿತು. 2009ರಲ್ಲಿ ಮೆಟ್ರೊಗಾಗಿ ಮರ ಕಡಿದಾಗ ಜನ ಮರ ತಬ್ಬಿ ನಿಂತ ನಂದಾ ರಸ್ತೆ ಅಲ್ಲೇ ಇದೆ. ತಂತಿಗೆ ತಾಗುತ್ತದೆಂದು ಒಂದು ಪಕ್ಕವನ್ನೇ ಬೋಳಿಸಿದ ಮರಗಳು ಅಲ್ಲಲ್ಲಿ ಒಂಟಿ ರೆಕ್ಕೆಯ ಹಕ್ಕಿಗಳಂತೆ ನಿಂತಿದ್ದವು. ಕೊನೆಗೆ ಮಾರೇನಹಳ್ಳಿ ರಸ್ತೆ ಎದುರಾಯಿತು. 2024ರಲ್ಲಿ ತೆರೆದ ಡಬಲ್ ಡೆಕರ್ ಮೇಲ್ಸೇತುವೆಯ ಕೆಳಗೆ ರೆಂಬೆಯ ಮಾತೇ ಇಲ್ಲ. ಎದುರಿಗೇ ರಾಗಿಗುಡ್ಡದ ಆಂಜನೇಯನ ಗುಡಿ. ಸಮುದ್ರ ಹಾರಿದ ದೇವರ ಎದುರು, ಕಾಡುಪಾಪ ಒಂದು ರಸ್ತೆಯನ್ನು ದಾಟಲಾರದು.

ಹೀಗೆಂದು ಎಲ್ಲ ಜೀವಿಗಳೂ ಸೋತು ಕೂತಿಲ್ಲ. ಬನಶಂಕರಿ ಆರನೇ ಹಂತದ ಯಾವುದೇ ಖಾಲಿ ಸೈಟಿಗೆ ಮೇ ತಿಂಗಳ ಬಿಸಿಲಿನಲ್ಲಿ ಹೋಗಿ. ಮನೆ ಕಟ್ಟಲು ಪೇರಿಸಿಟ್ಟ ಸೈಜುಗಲ್ಲಿನ ಮೇಲೆ ಬಂಡೆಯ ಓತಿಕ್ಯಾತ ಕೂತಿರುತ್ತದೆ. ಮೊದಲ ನೋಟಕ್ಕೆ ಕಲ್ಲಿನದೇ ಬಣ್ಣ. ಸುಮ್ಮನೆ ಹತ್ತು ನಿಮಿಷ ಕೂತು ನೋಡಿ. ಗಂಡು ಮುಂಗಾಲ ಮೇಲೆ ಎದ್ದು, ದಂಡ ಹೊಡೆಯುವ ಪೈಲ್ವಾನನಂತೆ ಮೈ ಎತ್ತಿ ಇಳಿಸುತ್ತದೆ. ಹತ್ತಿರ ಹೆಣ್ಣೊಂದು ಸುಳಿದರೆ ಬೆನ್ನಿನುದ್ದಕ್ಕೂ ಕೆಂಡದ ಕೆಂಪು ಏರುತ್ತದೆ, ಪಕ್ಕೆಗಳು ಇದ್ದಿಲಿನಂತೆ ಕಪ್ಪಾಗುತ್ತವೆ. ಬಂದದ್ದು ಇನ್ನೊಂದು ಗಂಡಾದರೆ ಬಣ್ಣದ ಮಾತೇ ಬೇರೆ: ಬೆನ್ನು ಹಳದಿ, ಪಕ್ಕೆ ಕಿತ್ತಳೆ. ಬೆಂಗಳೂರಿನದೇ ವಿಜ್ಞಾನಿಗಳಾದ ಅನುರಾಧಾ ಬಟಬ್ಯಾಲ್ ಮತ್ತು ಮಾರಿಯಾ ಠಾಕರ್ ಇದನ್ನು ಅಳೆದು 2017ರಲ್ಲಿ ಪ್ರಕಟಿಸಿದರು. ಹೆಣ್ಣಿಗೆ ತೋರುವ ಬಣ್ಣದಲ್ಲಿ ಎದ್ದು ಕಾಣುವುದು ಮುಖ್ಯ, ಎದುರಾಳಿಗೆ ತೋರುವ ಬಣ್ಣದಲ್ಲಿ ಬೇಗ ಬದಲಾಗುವುದು ಮುಖ್ಯ ಎಂಬುದು ಅವರು ಕಂಡ ಸಂಗತಿ. ಪ್ರೀತಿಗೆ ಸೊಗಸು, ಜಗಳಕ್ಕೆ ವೇಗ.

ಈ ಓತಿಕ್ಯಾತ ಲಕ್ಷಾಂತರ ವರ್ಷ ಬಂಡೆಯ ಮೇಲೆಯೇ ಬಾಳಿ ಬಂದ ಜೀವಿ. ಊರು ಬೆಳೆದು ಬಂಡೆ ಒಡೆದಾಗ ಅದು ಮುಗಿಯಬೇಕಿತ್ತು. ಆದರೆ ಊರೂ ಒಂದು ತರಹದ ಬಂಡೆಯೇ. ಗಾರೆ ಬಳಿಯದ ಕಾಂಪೌಂಡು, ಬಿರುಕುಬಿಟ್ಟ ಚಪ್ಪಡಿ, ಜಲ್ಲಿಯ ರಾಶಿ ಅದಕ್ಕೆ ಹೊಸ ಬೆಟ್ಟವಾದವು. ನಗರದಂಚಿನ ಓತಿಕ್ಯಾತಗಳು ಅಪಾಯ ಬಂದಾಗ ಯಾವ ಸಂದಿಗೆ ನುಗ್ಗಿದರೆ ಬಚಾವು ಎಂಬುದನ್ನು ಹಳ್ಳಿಯ ಓತಿಕ್ಯಾತಗಳಿಗಿಂತ ಬೇಗ ಕಲಿಯುತ್ತವೆ ಎಂದು ಅದೇ ತಂಡ 2019ರಲ್ಲಿ ತೋರಿಸಿತು. ಮಲಗುವ ಜಾಗವನ್ನೂ ಅವು ಮೂಲದ ಬಂಡೆಯನ್ನು ಹೋಲುವ ಒರಟು ಕಾಂಕ್ರೀಟಿನಲ್ಲೇ, ಹೆಚ್ಚು ಮರೆಯಾದ ಸಂದಿಯಲ್ಲಿ ಹುಡುಕಿಕೊಳ್ಳುತ್ತವೆ. ನನಗೆ ಇದು ಬೆರಗು ಹುಟ್ಟಿಸುತ್ತದೆ, ಜೊತೆಗೆ ಚಿಂತೆಯನ್ನೂ. ಖಾಲಿ ಸೈಟು ಎಷ್ಟು ದಿನ ಖಾಲಿ ಇದ್ದೀತು? ಮನೆ ಎದ್ದು, ಗೋಡೆಗೆ ಗಾರೆ ಮೆತ್ತಿ, ಅಂಗಳಕ್ಕೆ ಟೈಲ್ಸ್ ಹಾಸಿದ ಮೇಲೆ ಸಂದಿಯೂ ಇಲ್ಲ, ಹುಳುವೂ ಇಲ್ಲ.

ಊರಿಗೆ ಹೊಂದಿಕೊಳ್ಳುವವರು ಗೆಲ್ಲುತ್ತಾರೆ, ನಿರ್ದಿಷ್ಟ ನೆಲೆ ಬೇಕೆನ್ನುವವರು ಸೋಲುತ್ತಾರೆ. ಇಡೀ ಏಷ್ಯಾದಲ್ಲಿ ನಡೆಯುತ್ತಿರುವ ಕಥೆಯೇ ಇದು. 2023ರ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ ಮೂವತ್ತು ಸಾವಿರ ಹಕ್ಕಿಪ್ರಿಯರು ಬರೆದಿಟ್ಟ ಮೂರು ಕೋಟಿ ದಾಖಲೆಗಳ ಮೇಲೆ ನಿಂತಿದೆ. ದೀರ್ಘಕಾಲದ ಏರಿಳಿತ ಅಳೆಯಲು ಸಾಧ್ಯವಾದ 338 ಜಾತಿಗಳಲ್ಲಿ ಶೇಕಡಾ 60ರಷ್ಟು ಇಳಿಮುಖವಾಗಿವೆ. ಏರುತ್ತಿರುವವು ಯಾವುವು? ಕೋಗಿಲೆ, ನವಿಲು, ಪಾರಿವಾಳ. ಜಯನಗರದಲ್ಲಿ ಬೆಳಗಿನ ಜಾವ ಕೋಗಿಲೆ ಹೆಚ್ಚು ಕೇಳುತ್ತಿದೆ ಎಂದು ನಿಮಗನ್ನಿಸಿದ್ದರೆ ಅದು ಭ್ರಮೆಯಲ್ಲ. ಅದರ ದನಿ ಕೇಳಿ, ಪ್ರಕೃತಿ ಚೆನ್ನಾಗಿದೆ ಎಂದು ಸಮಾಧಾನ ಮಾಡಿಕೊಳ್ಳಲು ಮಾತ್ರ ಬರುವುದಿಲ್ಲ. ವಿಶ್ವ ವನ್ಯಜೀವಿ ನಿಧಿಯ 2024ರ ವರದಿಯಲ್ಲಿ ಏಷ್ಯಾ-ಪೆಸಿಫಿಕ್ ಭಾಗದ ವನ್ಯಜೀವಿ ಸಂಖ್ಯೆಯ ಸೂಚ್ಯಂಕ 1970ರಿಂದ 2020ರೊಳಗೆ ಶೇಕಡಾ 60 ಕುಸಿದಿದೆ. ಇದನ್ನು ಪತ್ರಿಕೆಗಳು 'ಶೇಕಡಾ 60ರಷ್ಟು ಪ್ರಾಣಿಗಳು ನಾಶ' ಎಂದು ಬರೆಯುವುದುಂಟು. ಅದು ತಪ್ಪು. ಲೆಕ್ಕಕ್ಕೆ ಸಿಕ್ಕ ಒಂದೊಂದು ಗುಂಪೂ ತನ್ನ ಹಿಂದಿನ ಸಂಖ್ಯೆಗೆ ಹೋಲಿಸಿದರೆ ಎಷ್ಟು ಕುಗ್ಗಿತು ಎಂಬುದರ ಸರಾಸರಿ ಅದು. ಹತ್ತು ಕಾಡುಪಾಪ ನಾಲ್ಕಾದದ್ದೂ ಹತ್ತು ಸಾವಿರ ಬಾತು ನಾಲ್ಕು ಸಾವಿರವಾದದ್ದೂ ಅಲ್ಲಿ ಒಂದೇ ತೂಕ.

ಕೆರೆಗಳ ಕಥೆಗೆ ಬರೋಣ. ಕಾಡುಪಾಪಕ್ಕೆ ರೆಂಬೆ ಹೇಗೋ, ಕೆರೆಗೆ ನೀರು ತಂದು ಮುಂದಿನ ಕೆರೆಗೆ ಒಯ್ಯುವ ರಾಜಕಾಲುವೆ ಹಾಗೆ. ಜೆ.ಪಿ. ನಗರದ ಸಾರಕ್ಕಿ ಕೆರೆಯ ಒತ್ತುವರಿಯನ್ನು ಜಿಲ್ಲಾಡಳಿತ 2015ರ ಏಪ್ರಿಲ್‌ನಲ್ಲಿ ಜೆಸಿಬಿ ತಂದು ತೆರವು ಮಾಡಿತು. ಕೆರೆಯಂಗಳವೆಂದು ತಿಳಿಯದೆ ಸೈಟು ಕೊಂಡು ಮನೆ ಕಟ್ಟಿದವರ ಕಣ್ಣೀರು ಒಂದು ಕಡೆ, ಕೆರೆಯ ಹಕ್ಕು ಒಂದು ಕಡೆ. ನೆಲವೇನೋ ಕೆರೆಗೆ ಮರಳಿ ಸಿಕ್ಕಿತು. ನೀರು ಬರುವ ದಾರಿ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಏಳನೇ ಹಂತದ ಪುಟ್ಟೇನಹಳ್ಳಿ ಕೆರೆ ಇದಕ್ಕೆ ಸಾಕ್ಷಿ. 13 ಎಕರೆ 25 ಗುಂಟೆಯ ಪುಟ್ಟ ಕೆರೆ. ಸುತ್ತ ಬಡಾವಣೆ ಬೆಳೆದು ಮಳೆನೀರು ಬರುವುದೇ ನಿಂತಿತ್ತು. 2010ರಲ್ಲಿ ಲೇಖಕಿ ಉಷಾ ರಾಜಗೋಪಾಲನ್ ಮತ್ತು ನೆರೆಯವರು ಸೇರಿ ಟ್ರಸ್ಟ್ ಕಟ್ಟಿದರು, ಮರುವರ್ಷ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಕೆರೆಯ ಆರೈಕೆಗೆ ನಿಂತರು. ನೆರೆಯ ಅಪಾರ್ಟ್‌ಮೆಂಟಿನ ಬಳಸಿದ ನೀರನ್ನು ಶುದ್ಧೀಕರಿಸಿ ಕೆರೆಗೆ ಬಿಡುವ ವ್ಯವಸ್ಥೆಯಾಯಿತು. ಇಂದು ಅಲ್ಲಿ ನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳ ಪಟ್ಟಿ ಇದೆ. ಗುಳುಮುಳುಕ ಮುಳುಗಿ, ಎಣಿಸದ ಕಡೆ ಏಳುತ್ತದೆ. ನಾಮದ ಕೋಳಿ ಹಣೆಯ ಬಿಳಿ ನಾಮ ತೋರುತ್ತ ತೇಲುತ್ತದೆ. ಆಕಾಶದ ನೀರಿನಿಂದ ತುಂಬುತ್ತಿದ್ದ ಕೆರೆ ಈಗ ನಮ್ಮ ಬಚ್ಚಲ ನೀರಿನಿಂದ ಉಸಿರಾಡುತ್ತದೆ. ನಾಳೆ ಪಂಪು ನಿಂತರೆ? ಇದನ್ನು ನಾನು ಗೆಲುವೆಂದೇ ಎಣಿಸುತ್ತೇನೆ, ಆದರೆ ದಿನದಿನವೂ ಗೆಲ್ಲಬೇಕಾದ ಗೆಲುವು.

ಶುದ್ಧೀಕರಿಸದೆ ಬಿಟ್ಟರೆ ಆಗುವುದೇನು ಎಂಬುದಕ್ಕೆ ಊರಲ್ಲಿ ಉದಾಹರಣೆಗೆ ಬರವಿಲ್ಲ. ಸೋಪಿನ ಪುಡಿಯ ರಂಜಕ, ಮಲದ ಸಾರಜನಕ ಪಾಚಿಗೆ ಗೊಬ್ಬರ. ಹಗಲು ಬಿಸಿಲಿನಲ್ಲಿ ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಉಸಿರಾಡಿ ಅದನ್ನು ತೆಗೆದುಕೊಳ್ಳುತ್ತದೆ. ಸತ್ತ ಪಾಚಿ ಕೊಳೆಯುವಾಗ ಇನ್ನಷ್ಟು ಖರ್ಚು. ನಸುಕಿನ ಹೊತ್ತಿಗೆ ನೀರಿನಲ್ಲಿ ಉಸಿರೇ ಉಳಿದಿರುವುದಿಲ್ಲ. ಮೀನು ಸತ್ತು ತೇಲಿದ ಸುದ್ದಿ ಸದಾ ಬೆಳಿಗ್ಗೆಯೇ ಬರುವುದು ಇದಕ್ಕೇ.

ಇಷ್ಟರ ನಡುವೆಯೂ ಬಿಟಿಎಂನ ಮಡಿವಾಳ ಕೆರೆಗೆ ಹೆಜ್ಜಾರ್ಲೆ ಬರುತ್ತದೆ. ಅಷ್ಟು ದೊಡ್ಡ ಹಕ್ಕಿ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನ ಪಕ್ಕದಲ್ಲಿ ರೆಕ್ಕೆ ಬಿಚ್ಚಿ ಇಳಿಯುವುದನ್ನು ಒಮ್ಮೆ ನೋಡಿದವರು ಮರೆಯಲಾರರು. ಕೊಕ್ಕಿನ ಕೆಳಗಿನ ಚೀಲವನ್ನು ಬಲೆಯಂತೆ ನೀರಿಗೆ ಅದ್ದಿ, ನೀರು ಸೋಸಿ, ಮೀನು ನುಂಗುತ್ತದೆ. ಮದ್ದೂರಿನ ಬಳಿಯ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಮನೆಯಂಗಳದ ಹುಣಸೆಮರದಲ್ಲೇ ಗೂಡು ಕಟ್ಟುತ್ತವೆ. ಊರವರು ಅವುಗಳನ್ನು ತವರಿಗೆ ಬಂದ ಹೆಣ್ಣುಮಕ್ಕಳೆಂದು ಕಾಣುತ್ತಾರೆ. ಹೆಜ್ಜಾರ್ಲೆಗೆ ರಾಜಕಾಲುವೆಯ ಹಂಗಿಲ್ಲ, ರೆಂಬೆಯ ಹಂಗಿಲ್ಲ. ಆಕಾಶವೇ ದಾರಿ. ಹಾರಬಲ್ಲವರಿಗೆ ದ್ವೀಪಗಳ ನಡುವಿನ ಸಮುದ್ರ ಕಿರಿದು.

ನಡೆದು ಹೋಗುವ ದೊಡ್ಡ ಪ್ರಾಣಿಗೆ ಹಾಗಲ್ಲ. ಬನ್ನೇರುಘಟ್ಟ 1974ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸುಮಾರು 260 ಚದರ ಕಿಲೋಮೀಟರಿನ ಈ ಕಾಡು ದಕ್ಷಿಣದಲ್ಲಿ ತಳಿ, ಹೊಸೂರಿನ ಕಾಡುಗಳ ಮೂಲಕ ಕಾವೇರಿ ಕಣಿವೆಗೆ ಕೂಡಿಕೊಂಡಿದೆ. ಆನೆಗಳು ಇದೇ ಜಾಡಿನಲ್ಲಿ ಬಂದು ಹೋಗುತ್ತವೆ. ಉದ್ಯಾನದ ಸುತ್ತ 268.96 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ವಲಯ ಇರಲಿ ಎಂದು 2016ರ ಕರಡು ಹೇಳಿತ್ತು. 2020ರ ಅಂತಿಮ ಅಧಿಸೂಚನೆಯಲ್ಲಿ ಅದು 168.84ಕ್ಕೆ ಇಳಿಯಿತು. ನೂರು ಚದರ ಕಿಲೋಮೀಟರ್ ಒಂದು ಸಹಿಯಲ್ಲಿ ಹೋಯಿತು. ಇದು ತಪ್ಪು ನಿರ್ಧಾರ, ಇಂದಲ್ಲ ನಾಳೆ ತಿದ್ದಿಕೊಳ್ಳಲೇಬೇಕಾದ ತಪ್ಪು.

ಚಿರತೆ ಆನೆಗಿಂತ ಹೊಂದಾಣಿಕೆಯ ಪ್ರಾಣಿ. ಬಂಡೆ ಸಂದಿ, ಕುರುಚಲು, ಬೀದಿನಾಯಿ ಇದ್ದರೆ ಅದರ ಸಂಸಾರ ನಡೆಯುತ್ತದೆ. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಅವರ ಸಂಗಡಿಗರು ಕ್ಯಾಮೆರಾ ಟ್ರ್ಯಾಪ್ ಇಟ್ಟು ಅಧ್ಯಯನ ಮಾಡಿ, ಬೆಂಗಳೂರಿನ ಸುತ್ತ 80ರಿಂದ 85 ಚಿರತೆಗಳಿವೆ ಎಂದು 2025ರಲ್ಲಿ ಅಂದಾಜಿಸಿದರು. ಹೆಚ್ಚಿನವು ಬನ್ನೇರುಘಟ್ಟದಲ್ಲಿವೆ; ಉಳಿದವು ತುರಹಳ್ಳಿ, ಬಿ.ಎಂ. ಕಾವಲ್, ಕನಕಪುರ ರಸ್ತೆಯ ರೋರಿಕ್ ಎಸ್ಟೇಟ್, ಹೆಸರಘಟ್ಟದಂಥ ತುಣುಕುಗಳಲ್ಲಿ. ಈ ತುಣುಕುಗಳ ನಡುವೆ ರಾತ್ರಿ ಓಡಾಡುವ ಚಿರತೆ ದಾರಿ ತಪ್ಪಿದರೆ ಏನಾಗುತ್ತದೆ ಎಂಬುದನ್ನು 2023ರ ನವೆಂಬರ್ 1ರಂದು ಕಂಡೆವು. ಬಿಟಿಎಂಗೆ ಕೆಲವೇ ಕಿಲೋಮೀಟರ್ ದೂರದ ಕೂಡ್ಲು ಗೇಟ್ ಬಳಿ, ಪಾಳುಬಿದ್ದ ಕಟ್ಟಡದಲ್ಲಿ ಅಡಗಿದ್ದ ಚಿರತೆ ಹಿಡಿಯಲು ಹೋದವರ ಮೇಲೆ ಎರಗಿತು. ಗುಂಡೇಟು ತಿಂದು ಸತ್ತಿತು. ರಾಜ್ಯೋತ್ಸವದ ದಿನ ಅದು.

ತುರಹಳ್ಳಿ ಈ ತುಣುಕುಗಳಲ್ಲಿ ಊರಿಗೆ ತೀರ ಹತ್ತಿರದ್ದು. ಸುಮಾರು 590 ಎಕರೆ. ಬನಶಂಕರಿ ಆರನೇ ಹಂತದ ಬೆನ್ನಿಗೇ ಇದೆ. ಅದರಾಚೆ ನೈಸ್ ರಸ್ತೆ ಹಾದಿದೆ. ಜಾಲಿ, ಎಲಚಿ, ಹುಲ್ಲು, ಬಂಡೆ, ನವಿಲಿನ ಕೂಗು. ಶುರುವಿನಲ್ಲಿ ಹೇಳಿದ ಆ ಹಳೆಯ ಕುರುಚಲು ಕಾಡನ್ನು ಬಸ್ಸಿನಲ್ಲಿ ಹೋಗಿ ನೋಡಬಹುದಾದ ಜಾಗ ಇದು. 2021ರ ಆರಂಭದಲ್ಲಿ ಇಲ್ಲಿ ಟ್ರೀ ಪಾರ್ಕ್ ಮಾಡುವ ಯೋಜನೆ ಬಂತು. ಕಾಡಿನೊಳಗೆ ಕಾಲುದಾರಿ, ಕಟ್ಟೆ, ಕಟ್ಟಡ. ಸುತ್ತಲಿನ ಬಡಾವಣೆಯವರು ಮಕ್ಕಳನ್ನು ಕರೆದುಕೊಂಡು ಬೀದಿಗೆ ಬಂದರು. ಇರುವ ಕಾಡನ್ನು ಕಾಡಾಗಿಯೇ ಬಿಡಿ ಎಂಬುದಷ್ಟೇ ಅವರ ಬೇಡಿಕೆ. ಯೋಜನೆ ನಿಂತಿತು. ಅದೇ ತುರಹಳ್ಳಿಯಲ್ಲಿ ಚಿರತೆ ಇಂದಿಗೂ ಓಡಾಡುತ್ತದೆ.

ಮಳೆಗಾಲಕ್ಕೆ ಮುಂಚೆ ನಿಮ್ಮ ರಸ್ತೆಗೂ ರೆಂಬೆ ಕಡಿಯುವವರು ಬರುತ್ತಾರೆ. ತಂತಿಗೆ ತಾಗಿದ್ದನ್ನು ಕಡಿಯಲಿ. ಎದುರು ಮರವನ್ನು ಮುಟ್ಟಿರುವ ರೆಂಬೆಯೊಂದನ್ನು ಮಾತ್ರ ಬಿಡಿರೆಂದು ಹೊರಗೆ ಬಂದು ಹೇಳಿ.